ಕೊನೆಗೆ ತುಂಬಿದ ಕ್ಯಾನು

ಪೆಟ್ರೋಲ್ ಬಂಕಿನಲ್ಲಿ ಅವಳನ್ನು ಎಲ್ಲರೂ ಪೈಪಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು, ಅದು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಕಾರಿನವನು ಫೋನಿನಲ್ಲಿ ಯಾರ ಜೊತೆಗೋ ಜಗಳವಾಡುತ್ತಾ, ಪೈಪು ಇನ್ನೂ ಟ್ಯಾಂಕಿನಲ್ಲಿರುವಾಗಲೇ ಗಾಡಿ ಎಳೆದುಬಿಟ್ಟ. ಪೈಪಿನ ಇನ್ನೊಂದು ಕೊನೆಯಲ್ಲಿ ಇವಳಿದ್ದಳು. ಬಿಟ್ಟಳೇ? ಇಲ್ಲ, ಪುಣ್ಯಾತ್ಗಿತ್ತಿ ಬಿಡಲಿಲ್ಲ. ಚಪ್ಪಲಿ ಕಿತ್ತುಹೋದರೂ ಪೈಪು ಹಿಡಿದುಕೊಂಡೇ ಓಡಿದಳು. ಕೊನೆಗೆ ಅವನೇ ಕನ್ನಡಿಯಲ್ಲಿ ನೋಡಿ ಹೌಹಾರಿ ಇಳಿದು ಕೈಮುಗಿದ. ಆವತ್ತಿನಿಂದ ಪೈಪಕ್ಕ.

ಮನೆಯಲ್ಲಿ ಇಬ್ಬರೇ, ಅವಳು ಮತ್ತು ಅವಳ ಅತ್ತೆ. ಗಂಡ ತೀರಿಕೊಂಡಾಗ ಇವಳು ತವರಿಗೆ ಹೋಗುತ್ತಾಳೆಂದು ಎಲ್ಲರೂ ತಾವೇ ತೀರ್ಮಾನ ಮಾಡಿಕೊಂಡಿದ್ದರು. ಅತ್ತೆ ಇರು ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಎದ್ದು ಎರಡು ಲೋಟ ಚಹಾ ಮಾಡಿದರು. ಒಂದನ್ನು ಇವಳ ಮುಂದಿಟ್ಟರು. ಅಷ್ಟೇ, ಮಾತುಕತೆ ಮುಗಿಯಿತು.

ಅತ್ತೆಗೆ ಒಂದು ಚಟವಿತ್ತು. ಮನೆಯಲ್ಲಿ ಎಲ್ಲಿ ದೀಪ ಉರಿದರೂ ಹೋಗಿ ಆರಿಸುವುದು. ಸೊಸೆ ನೀರು ತರಲು ಅಡುಗೆಮನೆಯಿಂದ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅಡುಗೆಮನೆ ಕತ್ತಲು.

"ಅತ್ತೇ, ಈಗ ಬಂದೆನಲ್ಲ!"

"ಯಾರೂ ಇಲ್ಲದ ಕೋಣೇಲಿ ದೀಪ ಯಾಕೆ ಉರೀಬೇಕು? ಗೋಡೆ ಏನಾದ್ರೂ ಪುಸ್ತಕ ಓದುತ್ತಾ?"

ಶ್ವಾಸಕೋಶದ ಕಾಯಿಲೆ ಬಂದು ಹಾಸಿಗೆ ಹಿಡಿದ ಮೇಲೂ ಈ ಚಟ ಬಿಡಲಿಲ್ಲ. ಮಲಗಿದ್ದಲ್ಲಿಂದಲೇ, "ಬಚ್ಚಲು ಮನೇಲಿ ಲೈಟು" ಎಂದು ಕೂಗುತ್ತಿದ್ದರು. ಹಾಸಿಗೆಯ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್ನು ಬಂದು ಕೂತಿತ್ತು. ಕೋಣೆಯ ಗಾಳಿಯನ್ನೇ ಎಳೆದುಕೊಂಡು, ಸೋಸಿ, ಸಣ್ಣ ಕೊಳವೆಯಲ್ಲಿ ಅವರ ಮೂಗಿಗೆ ಕಳಿಸುವ ಪೆಟ್ಟಿಗೆ ಅದು. ಕರೆಂಟು ಇದ್ದರೆ ಅದು ಇದೆ, ಕರೆಂಟು ಹೋದರೆ ಅದು ಬರೀ ಪೆಟ್ಟಿಗೆ. ಸ್ನಾನಕ್ಕೆ, ಊಟಕ್ಕೆ ಅಂತ ಸ್ವಲ್ಪ ಹೊತ್ತು ತೆಗೆಯಬಹುದು, ಅದಕ್ಕಿಂತ ಹೆಚ್ಚು ಬೇಡ ಎಂದು ಡಾಕ್ಟರು ಹೇಳಿದ್ದರು. ಅತ್ತೆಗೆ ಆ ಸ್ವಲ್ಪ ಹೊತ್ತಿನ ಬಗ್ಗೆ ಬಲು ಹೆಮ್ಮೆ. ಕಿಟಕಿಯ ಹತ್ತಿರ ಕುರ್ಚಿ ಹಾಕಿಸಿಕೊಂಡು, ನೆಟ್ಟಗೆ ಕೂತು, ಕಿಟಕಿ ಕಟ್ಟೆ ಹಿಡಿದುಕೊಂಡು, "ನೋಡು, ನಂಗೆ ನಿನ್ನ ಪೆಟ್ಟಿಗೆ ಬೇಡ್ವೇ ಬೇಡ" ಎನ್ನುತ್ತಿದ್ದರು. ತುಟಿ ನೀಲಿಯಾದರೂ ಒಪ್ಪಿಕೊಳ್ಳುವ ಹೆಂಗಸಲ್ಲ.

ಕರೆಂಟನ್ನು ನಂಬುವಂತಿಲ್ಲವೆಂದು ಹಿಂದಿನ ಜಗಲಿಗೆ ಒಂದು ಜನರೇಟರ್ ಬಂತು. ಐಸ್ ಅಂಗಡಿ ಮುಚ್ಚಿದವನೊಬ್ಬನಿಂದ ತಂದದ್ದು, ಪೆಟ್ರೋಲಿನದು, ಹಗ್ಗ ಎಳೆದರೆ ಹೊರಳಾಡಿ ಹೊರಳಾಡಿ ಶುರುವಾಗುವಂಥದ್ದು. "ಅದಕ್ಕೂ ನಂಗೂ ಒಂದೇ ಕಾಯಿಲೆ ಕಣೇ, ಇಬ್ರೂ ಏದುಸಿರು ಬಿಡ್ತೀವಿ" ಎಂದು ಅತ್ತೆ ನಗುತ್ತಿದ್ದರು. ನಕ್ಕರೆ ಕೆಮ್ಮು ಬರುತ್ತಿತ್ತು, ಕೆಮ್ಮಿದರೆ ಸೊಸೆ ಬೈಯುತ್ತಿದ್ದಳು.

ಪೆಟ್ರೋಲನ್ನು ಮೊದಲೇ ತಂದು ಇಟ್ಟುಕೊಳ್ಳಬಾರದಿತ್ತೇ ಎಂದು ಯಾರಾದರೂ ಕೇಳಿಯಾರು. ಇಟ್ಟಿದ್ದಳು. ಕಳೆದ ವರ್ಷ ಕ್ಯಾನಿನಲ್ಲಿ ತಿಂಗಳುಗಟ್ಟಲೆ ಕೂತ ಪೆಟ್ರೋಲು ಹಳಸಿ, ಗಾಳಿಮಳೆಯ ದಿನವೇ ಜನರೇಟರ್ ಕೆಮ್ಮಿ ನಿಂತುಹೋಗಿತ್ತು. ಅವತ್ತು ಕರೆಂಟು ಬೇಗ ಬಂದು ಬಚಾವಾದರು. ಅಂದಿನಿಂದ ಹಳೆಯದನ್ನು ಇಡುವುದಿಲ್ಲ, ಬೇಕಾದಾಗ ಹೊಸದನ್ನೇ ತರುವುದು ಎಂದಾಯಿತು. ಬಂಕಿನಲ್ಲೇ ಕೆಲಸ ಮಾಡುವವಳಿಗೆ ಪೆಟ್ರೋಲು ಎಲ್ಲಿ ಓಡಿಹೋಗುತ್ತದೆ? ಕೆರೆಯ ದಡದಲ್ಲಿ ಮನೆ ಕಟ್ಟಿದವರು ಕೊಡ ತುಂಬಿಸಿಡುತ್ತಾರೆಯೇ?

ಈ ಸಲದ ಬಿರುಗಾಳಿಯ ಸುದ್ದಿಯನ್ನು ರೇಡಿಯೋದವರು ಬಾಯಿ ಬಡಿದುಕೊಂಡು ಹೇಳುತ್ತಲೇ ಇದ್ದರು. ಜನ ಕೇಳಿಸಿಕೊಳ್ಳಬೇಕಲ್ಲ! ಬಿಸಿಲಿದ್ದಷ್ಟು ದಿನ ಒಬ್ಬನೂ ಇತ್ತ ತಲೆಹಾಕಲಿಲ್ಲ. ಆಕಾಶ ಕಪ್ಪಾದ ಬೆಳಿಗ್ಗೆ ಊರಿಗೆ ಊರೇ ಬಂಕಿಗೆ ಬಂದು ನಿಂತಿತು. ಕ್ಯಾನು ಸಿಕ್ಕವರು ಕ್ಯಾನು ತಂದರು. ಸಿಗದವರು ಹಾಲಿನ ಡಬ್ಬ, ಗಿಡಕ್ಕೆ ನೀರು ಹಾಕುವ ಝಾರಿ, ಏನು ಕೈಗೆ ಸಿಕ್ಕಿತೋ ಅದನ್ನು ತಂದರು. ಒಬ್ಬ ಮಹಾರಾಯ ತಳ ತೂತಾದ ಬಕೆಟ್ಟು ಹಿಡಿದು ಬಂದು, "ತೂತಿಗೆ ಬೆರಳಿಟ್ಕೋತೀನಿ ಅಕ್ಕ, ಹಾಕಿ" ಎಂದ. ಪೈಪಕ್ಕ ಅವನನ್ನು ನೋಡಿದ ನೋಟಕ್ಕೆ ಅವನು ಬಕೆಟ್ಟಿನ ಸಮೇತ ಮಾಯವಾದ.

ಬೆಳಿಗ್ಗೆ ಮನೆ ಬಿಡುವಾಗ ಅವಳು ಜನರೇಟರಿನ ಟ್ಯಾಂಕು ನೋಡಿದ್ದಳು. ಇದ್ದದ್ದು ಸಂಜೆಯವರೆಗೆ ಸಾಕು, ರಾತ್ರಿಗೆ ಸಾಲದು. ಕರೆಂಟು ಹೋದರೆ ಹಗ್ಗ ಎಳೆದು ಶುರುಮಾಡಲು ಪಕ್ಕದ ಮನೆಯ ಟೈಲರ್‌ನ ಹೆಂಡತಿಗೆ ಹೇಳಿ, ಖಾಲಿ ಕ್ಯಾನು ಹಿಡಿದು ಹೊರಟಿದ್ದಳು. ಆ ಕ್ಯಾನು ಈಗ ಬಂಕಿನ ಹಿಂದಿನ ಗೋಡೆಗೆ ಒರಗಿ ಕೂತಿತ್ತು. ಪಕ್ಕದಲ್ಲಿ ಚಕ್ರಕ್ಕೆ ಗಾಳಿ ಹಾಕುವ ಗಾಳಿಯಣ್ಣನ ಕ್ಯಾನು, ಅದರಾಚೆ ಮ್ಯಾನೇಜರರದು. ಕೆಲಸದವರ ಕ್ಯಾನು ಕೊನೆಗೆ ತುಂಬಬೇಕು ಎನ್ನುವುದು ಅಲ್ಲಿನ ಕಟ್ಟಳೆ. ಹಿಂದೊಮ್ಮೆ ಸರದಿಯಲ್ಲಿ ಜನ ಕಾಯುತ್ತಿರುವಾಗ ಒಬ್ಬ ತನ್ನ ಬೈಕಿಗೆ ಹಾಕಿಕೊಂಡನೆಂದು ಹೊಡೆದಾಟವೇ ಆಗಿ, ಗಾಜು ಒಡೆದಿತ್ತು. ಅಂದಿನಿಂದ, "ಗಿರಾಕಿ ಮೊದಲು, ನಮ್ದು ಆಮೇಲೆ." ಪೈಪಕ್ಕ ಇದನ್ನು ತಪ್ಪೆಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಮಧ್ಯಾಹ್ನದ ಊಟದ ಹೊತ್ತು ಮೀರಿತ್ತು, ಊಟ ಯಾರಿಗೂ ಆಗಿರಲಿಲ್ಲ. ಗಾಳಿ ಎದ್ದಿತು. ಎಲ್ಲೋ ತಂತಿ ಹರಿದ ಸದ್ದಾಯಿತು, ಪಂಪಿನ ಅಂಕಿಗಳು ಆರಿದವು, ಅವಳ ಕೈಯಲ್ಲಿದ್ದ ಪೈಪು ಸುಮ್ಮನಾಯಿತು.

"ಏನೂ ಆಗಿಲ್ಲ, ಏನೂ ಆಗಿಲ್ಲ, ನಮ್ಮ ಜನರೇಟರ್ ಇದೆ" ಎಂದು ಮ್ಯಾನೇಜರ್ ಜನರಿಗೆ ಕೈ ಬೀಸಿ ಹಿಂದಕ್ಕೆ ಓಡಿದರು. ಬಂಕಿನದು ದೊಡ್ಡ ಜನರೇಟರ್, ಡೀಸೆಲಿನದು. ಕೀಲಿ ತಿರುಗಿಸಿದರು. ಗುರ್ ಎಂದಿತು, ನಿಂತಿತು. ಮತ್ತೆ ತಿರುಗಿಸಿದರು. ಗಾಳಿಯಣ್ಣ ಟ್ಯಾಂಕಿನ ಮುಚ್ಚಳ ತೆಗೆದು, ಕಡ್ಡಿ ಇಳಿಸಿ ಎತ್ತಿ ನೋಡಿದ. ಕಡ್ಡಿ ಒಣಗಿತ್ತು.

"ಡೀಸೆಲ್ ಇಲ್ಲ ಸಾರ್."

"ಡೀಸೆಲ್ ಇಲ್ವಾ? ಬಂಕಲ್ಲಿ ಡೀಸೆಲ್ ಇಲ್ವೇನೋ?"

ಅಯ್ಯೋ, ಇತ್ತು! ಅವರ ಪಾದದ ಕೆಳಗೆ, ನೆಲದೊಳಗೆ, ಬೇಕಾದಷ್ಟಿತ್ತು. ಮೇಲೆತ್ತುವುದಕ್ಕೆ ಪಂಪು ಬೇಕು, ಪಂಪಿಗೆ ಕರೆಂಟು ಬೇಕು, ಕರೆಂಟಿಗೆ ಡೀಸೆಲ್ ಬೇಕು. ಡೀಸೆಲಿನ ಪೈಪು ಜನರೇಟರಿಗೆ ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಯಾವಾಗ ಬೇಕಾದರೂ ಹಾಕಬಹುದು ಎಂದು ಯಾರೂ ಯಾವಾಗಲೂ ಹಾಕಿರಲಿಲ್ಲ. ಈ ದಡ್ಡತನ ಬಂಕಿನವರಿಗಲ್ಲದೆ ಬೇರೆ ಯಾರಿಗೂ ಬರುವುದಿಲ್ಲ. ಬೇರೆಯವರ ಮನೆಯಲ್ಲಾದರೆ ಮೂಲೆಯಲ್ಲಿ ಒಂದು ಕ್ಯಾನಾದರೂ ಇರುತ್ತಿತ್ತು.

ಪೈಪಕ್ಕ ಗೋಡೆಯ ಮರೆಗೆ ಹೋಗಿ ಮನೆಗೆ ಫೋನು ಮಾಡಿದಳು. ಹಿಂದಿನಿಂದ ಜನರೇಟರಿನ ಸದ್ದು ಕೇಳಿಸಿ ಜೀವ ಬಂದಂತಾಯಿತು.

"ಉಸಿರು ಹೇಗಿದೆ ಅತ್ತೆ?"

"ನಂಗೇನಾಗಿದೆ, ಗುಂಡುಕಲ್ಲು. ಈ ಹಾಳಾದ್ದರ ಗಲಾಟೇಲಿ ನಿದ್ದೆ ಇಲ್ಲ, ಅಷ್ಟೇ. ನಿನ್ನ ಕ್ಯಾನು ತುಂಬ್ತಾ?"

"ಇನ್ನೂ ಇಲ್ಲ. ಪಂಪು ನಿಂತೋಗಿದೆ. ಯಾವಾಗ ಶುರುವಾಗುತ್ತೋ ಗೊತ್ತಿಲ್ಲ."

ಅತ್ತೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಹೌದಾ. ಸರಿ. ಗಾಬರಿ ಬೀಳ್ಬೇಡ, ನಿಧಾನಕ್ಕೆ ಬಾ. ಊಟ ಮಾಡಿದ್ಯಾ?"

"ಮಾಡ್ದೆ" ಎಂದಳು. ಆ ಒಂದು ಸುಳ್ಳು ಮಾತ್ರ ಹೇಳಿದಳು. ಆಮೇಲೆ ಫೋನು ಸತ್ತಿತು, ಊರಿನ ಎಲ್ಲರ ಫೋನೂ ಸತ್ತಿತು.

ಬರಿಗೈಯಲ್ಲಿ ಮನೆಗೆ ಹೋಗಿ ಏನು ಮಾಡುವುದು? ರಾತ್ರಿಗೆ ಪೆಟ್ರೋಲು ಬೇಕೇ ಬೇಕು. ಅವಳು ನಿಂತಳು. ಗಾಳಿಯಣ್ಣ ರಸ್ತೆಗಿಳಿದು, ಮರದಡಿ ನಿಂತಿದ್ದ ಲಾರಿಯವನ ಕಾಲು ಹಿಡಿಯುವುದೊಂದು ಬಾಕಿ, ಹೇಗೋ ಒಪ್ಪಿಸಿದ. ಲಾರಿಯ ಟ್ಯಾಂಕಿಗೆ ಸಣ್ಣ ಪೈಪು ಇಳಿಸಿ, ಬಾಯಿಂದ ಎಳೆದು, ಉಗುಳಿ, ಒಂದು ಡಬ್ಬ ಡೀಸೆಲ್ ತಂದ. ಅಷ್ಟಕ್ಕೆ ಮುಗಿಯಲಿಲ್ಲ. ಒಮ್ಮೆ ಒಣಗಿದ ಡೀಸೆಲ್ ಜನರೇಟರ್ ಎಣ್ಣೆ ಸುರಿದ ಕೂಡಲೇ ಏಳುವುದಿಲ್ಲ. ಕೊಳವೆಯೊಳಗೆ ಗಾಳಿ ಸೇರಿಕೊಂಡಿರುತ್ತದೆ, ನಟ್ಟು ಸಡಿಲಿಸಿ ಒತ್ತಿ ಒತ್ತಿ ಅದನ್ನು ಹೊರಗೆ ಹಾಕಬೇಕು. "ಜೀವಮಾನವೆಲ್ಲ ಗಾಳಿ ಹಾಕಿದ್ದೇ ಆಯ್ತು, ತೆಗೆಯೋದು ಇದೇ ಮೊದಲು" ಎಂದು ಗಾಳಿಯಣ್ಣ ಗೊಣಗಿದ. ಯಾರೂ ನಗಲಿಲ್ಲ. ಮಳೆಯಲ್ಲಿ ಪೈಪಕ್ಕ ಅವನ ತಲೆಯ ಮೇಲೆ ತಗಡು ಹಿಡಿದು ನಿಂತಳು. ಕೈ ಮರಗಟ್ಟಿತು. ಬೆಳಕು ಮಂಕಾಗುತ್ತಾ ಬಂದಾಗ ಜನರೇಟರ್ ಕಪ್ಪು ಹೊಗೆ ಕಾರಿ ಎದ್ದಿತು.

ಜನ ಮತ್ತೆ ಮುಗಿಬಿದ್ದರು. ಪೈಪಕ್ಕ ಯಾರ ಮುಖವನ್ನೂ ನೋಡದೆ ಗೋಡೆಯ ಬಳಿ ಹೋಗಿ, ತನ್ನ ಕ್ಯಾನು ತಂದು, ಪಂಪಿನ ಮುಂದೆ ಇಟ್ಟು ತುಂಬಿಸಿದಳು.

"ಏಯ್, ನಾವು ಬೆಳಿಗ್ಗೆಯಿಂದ ನಿಂತಿಲ್ವಾ?" ಎಂದು ಒಬ್ಬ ಕೂಗಿದ.

"ಬಾಯಿ ಮುಚ್ಕೊಂಡು ನಿಂತ್ಕೊಳ್ರೀ" ಎಂದು ಗಾಳಿಯಣ್ಣ ಅವನ ಮೇಲೆ ಹರಿಹಾಯ್ದ. ಮ್ಯಾನೇಜರ್ ನೋಡಿಯೂ ನೋಡದಂತೆ ಇದ್ದರು.

ಮುರಿದ ಕೊಂಬೆಗಳನ್ನು ದಾಟಿಕೊಂಡು, ಕ್ಯಾನನ್ನು ಈ ಕೈಯಿಂದ ಆ ಕೈಗೆ ಬದಲಿಸುತ್ತಾ ನಡೆದಳು. ತನ್ನ ಬೀದಿಗೆ ತಿರುಗಿದಾಗ ಮನೆಮನೆಯ ಜನರೇಟರ್‌ಗಳೂ ಸದ್ದು ಮಾಡುತ್ತಿದ್ದವು. ಅರ್ಧಕ್ಕರ್ಧ ಅವಳೇ ತುಂಬಿಸಿ ಕಳಿಸಿದ ಪೆಟ್ರೋಲು. ಅವಳ ಮನೆ ಮಾತ್ರ ಸದ್ದಿಲ್ಲದೆ ನಿಂತಿತ್ತು. ಮುಗಿದುಹೋಯಿತೇ ಇಷ್ಟು ಬೇಗ ಎಂದುಕೊಂಡು, ಒಳಗೂ ಹೋಗದೆ ನೇರ ಹಿಂದಿನ ಜಗಲಿಗೆ ಓಡಿ, ಟ್ಯಾಂಕಿನ ಮುಚ್ಚಳ ತಿರುಗಿಸಿದಳು.

ಟ್ಯಾಂಕಿನಲ್ಲಿ ಪೆಟ್ರೋಲು ಇತ್ತು. ಅಲ್ಲಾಡಿಸಿದರೆ ತುಳುಕುವಷ್ಟು ಇತ್ತು. ಸ್ವಿಚ್ಚನ್ನು ಯಾರೋ ಆರಿಸಿದ್ದರು.

ಅತ್ತೆ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ನೆಟ್ಟಗೆ. ಒಂದು ಕೈ ಕಿಟಕಿ ಕಟ್ಟೆಯ ಮೇಲಿತ್ತು. ಮೂಗಿನ ಕೊಳವೆಯನ್ನು ಅಚ್ಚುಕಟ್ಟಾಗಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಪೈಪಕ್ಕ ಎರಡು ಸಲ "ಅತ್ತೇ" ಎಂದಳು. ಕೈ ಮುಟ್ಟಿದಳು. ಆಮೇಲೆ ಕರೆಯಲಿಲ್ಲ.

ಟೈಲರ್‌ನ ಹೆಂಡತಿ ಒದ್ದೆ ಸೆರಗಿನಲ್ಲೇ ಓಡಿ ಬಂದವಳು ಬಾಗಿಲಲ್ಲೇ ಕುಸಿದಳು.

"ಅವ್ರೇ ಹೇಳಿದ್ದು ಅಕ್ಕ, ನನ್ನಾಣೆಗೂ ಅವ್ರೇ ಹೇಳಿದ್ದು. ಸೊಸೆಗೆ ಪೆಟ್ರೋಲು ಸಿಕ್ಕಿಲ್ವಂತೆ, ಇರೋದು ರಾತ್ರಿಗೆ ಬೇಕು, ಆರ್ಸು ಅಂದ್ರು. ಅವಳು ದಣಿದು ಬರ್ತಾಳೆ, ಕತ್ತಲಲ್ಲಿ ಕೂರ್ಬೇಕಾ ಅಂದ್ರು. ನಾನು ಕೂತಿದ್ರೆ ನಂಗೇನೂ ಆಗಲ್ಲ ಅಂದ್ರು. ಈಗ ಬರ್ತೀನಿ ಅಂತ ಹೋದೆ, ನಮ್ಮ ಮನೆ ತಗಡು ಹಾರೋಯ್ತು, ಮಗು ಅಳ್ತಿತ್ತು..."

ಪೈಪಕ್ಕ ಅವಳಿಗೆ ಒಂದು ಲೋಟ ನೀರು ತಂದುಕೊಟ್ಟಳು. ಬೈಯಲಿಲ್ಲ. ಬೈಯಲು ಒಳಗೆ ಏನೂ ಸಿಗಲಿಲ್ಲ. ಪೆಟ್ರೋಲಿನ ಕ್ಯಾನು ಜಗಲಿಯಲ್ಲಿ ಮುಚ್ಚಳ ಬಿಗಿದು ಕೂತಿತ್ತು.

ಮುಂದಿನದೆಲ್ಲ ನಡೆಯಬೇಕಾದಂತೆ ನಡೆಯಿತು. ನೆಂಟರು ಬಂದರು, ಅತ್ತರು, ಇವಳು ಅಳುವುದಿಲ್ಲವಲ್ಲ ಎಂದು ತಮ್ಮತಮ್ಮಲ್ಲೇ ಪಿಸುಗುಟ್ಟಿದರು, ಹೋದರು. ಅಳು ಬಂದಿದ್ದರೆ ಅವಳು ಅಳುತ್ತಿರಲಿಲ್ಲವೇ! ಮಾರನೆಯ ಬೆಳಿಗ್ಗೆ ಎದ್ದು ಎರಡು ಲೋಟ ಚಹಾ ಮಾಡಿದಳು. ಒಂದನ್ನು ಕುಡಿದಳು, ಇನ್ನೊಂದು ಆರುವವರೆಗೆ ನೋಡಿ ಚೆಲ್ಲಿದಳು. ಕೆಲಸಕ್ಕೆ ಹೋದಳು. ಪೈಪು ಹಿಡಿದಳು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಒಂದೇ ಒಂದು ಮಾತು ತಲೆಯಲ್ಲಿ ಕೂತುಬಿಟ್ಟಿತ್ತು. ತುಂಬ್ತಾ ಎಂದು ಅತ್ತೆ ಕೇಳಿದಾಗ, ತುಂಬಿತು ಅತ್ತೆ ಎನ್ನಬಹುದಿತ್ತು. ಊಟ ಮಾಡಿದೆ ಎಂದು ಹೇಳಿದವಳಿಗೆ ಇದೊಂದು ಹೇಳಲಾಗಲಿಲ್ಲ. ಹೇಳಿದ್ದರೆ ಅತ್ತೆ ಜನರೇಟರ್ ಆರಿಸು ಎನ್ನುತ್ತಿರಲಿಲ್ಲ.

ಬಂಕಿನ ಕಟ್ಟಳೆ ಬದಲಾಯಿತು. ಮ್ಯಾನೇಜರ್ ಬಂಕಿನ ಜನರೇಟರಿಗೆ ತಾವೇ ಡೀಸೆಲ್ ತುಂಬಿಸತೊಡಗಿದರು, ದಿನಾ ಬೆಳಿಗ್ಗೆ ಕಡ್ಡಿ ಇಳಿಸಿ ನೋಡುವುದನ್ನೂ ಬಿಡಲಿಲ್ಲ. ಮುಂದಿನ ಬಿರುಗಾಳಿಯ ಸುದ್ದಿ ಬಂದ ದಿನ ಅವರು ಗೇಟು ತೆಗೆಯುವ ಮೊದಲೇ ಎಲ್ಲರನ್ನೂ ಕರೆದು, ನೆಲ ನೋಡುತ್ತಾ, "ಇನ್ಮೇಲೆ ನಮ್ಮೋರ ಕ್ಯಾನು ಮೊದಲು. ಪೈಪಕ್ಕ, ನಿಮ್ದು ತನ್ನಿ" ಎಂದರು.

ಅವಳು ಕ್ಯಾನು ತಂದಿದ್ದಳು. ಯಾಕೆ ತಂದಳೋ ಅವಳಿಗೇ ತಿಳಿಯದು, ಮನೆ ಬಿಡುವಾಗ ಕೈ ತಾನಾಗಿ ಎತ್ತಿಕೊಂಡಿತ್ತು. ಎಲ್ಲರಿಗಿಂತ ಮೊದಲು ಅವಳ ಕ್ಯಾನು ತುಂಬಿತು.

ಸಂಜೆ ಮಳೆ ಹಿಡಿದು ಕರೆಂಟು ಹೋಯಿತು. ಅವಳು ಜಗಲಿಗೆ ಹೋಗಿ ಹೊಸ ಪೆಟ್ರೋಲು ಸುರಿದು ಹಗ್ಗ ಎಳೆದಳು. ಹಾಳಾದ್ದು, ಒಂದೇ ಎಳೆತಕ್ಕೆ ಎದ್ದಿತು. ಮನೆಯೆಲ್ಲ ಬೆಳಕಾಯಿತು, ಅಡುಗೆಮನೆ, ಬಚ್ಚಲು, ಅತ್ತೆಯ ಕೋಣೆ. ಅವಳು ತಟ್ಟೆ ಹಾಕಿಕೊಂಡು ಊಟಕ್ಕೆ ಕೂತಳು. ಎರಡು ತುತ್ತು ತಿಂದು ಎದ್ದಳು. ಎಂಜಲು ಕೈಯನ್ನು ಹಾಗೇ ಎತ್ತಿ ಹಿಡಿದು, ಎಡಗೈಯಿಂದ ಅತ್ತೆಯ ಕೋಣೆಯ ದೀಪ ಆರಿಸಿದಳು. ಅಲ್ಲಿ ಯಾರೂ ಇರಲಿಲ್ಲ.