ಅರ್ಜಿ ಅತ್ತೆಯ ಸತ್ತ ಫೋನು

ಕೋಪ ಅನ್ನುವುದು ಕೆಲವರಿಗೆ ಮೂಗಿನ ತುದಿಯಲ್ಲಿರುತ್ತದೆ. ಅರ್ಜಿ ಅತ್ತೆಗೆ ಬೆರಳ ತುದಿಯಲ್ಲಿತ್ತು. ಮೂವತ್ತನಾಲ್ಕು ವರ್ಷ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ದುಡಿದ ಹೆಂಗಸು, ನಿವೃತ್ತಿಯಾಗುವಾಗ ಅದೇ ಹಳೇ ಟೈಪ್‌ರೈಟರನ್ನು ಹರಾಜಿನಲ್ಲಿ ಕೂಗಿ ಮನೆಗೆ ತಂದುಕೊಂಡಿದ್ದರು. ಬೀದಿದೀಪ ಉರಿಯಲಿಲ್ಲವೋ, ಒಂದು ಅರ್ಜಿ. ಕಸದ ಗಾಡಿ ಬರಲಿಲ್ಲವೋ, ಇನ್ನೊಂದು. ಮಧ್ಯೆ ಕಾರ್ಬನ್ ಹಾಳೆ ಇಟ್ಟು ಮೂರು ಪ್ರತಿ, ಕೆಳಗೆ ಕೊಕ್ಕೆಯಂಥ ಸಹಿ. ಹೀಗಾಗಿ ಬೀದಿಯಲ್ಲಿ ಅವರಿಗಿಂತ ಹಿರಿಯರೂ ಅವರನ್ನು ಅರ್ಜಿ ಅತ್ತೆ ಅಂತಲೇ ಕರೆಯುತ್ತಿದ್ದರು.

ಮನೆಯಲ್ಲಿ ಅವರ ಜೊತೆಗಿದ್ದದ್ದು ಒಂದು ಬೆಕ್ಕು. ಹೆಸರು ಮಂತ್ರಿ. ಬೆಳಿಗ್ಗೆ ಇಲ್ಲಿ ಹಾಲು, ಮಧ್ಯಾಹ್ನ ಪಕ್ಕದ ಮನೆ ಟೀಚರ ಹತ್ತಿರ ಊಟ, ಸಂಜೆ ಎದುರು ಮನೆಯ ಮೆಟ್ಟಿಲ ಮೇಲೆ ನಿದ್ದೆ. ಎಲ್ಲರ ಕಾಲಿಗೂ ಮೈ ಉಜ್ಜುತ್ತದೆ, ಇಲಿ ಮಾತ್ರ ಒಬ್ಬರಿಗೂ ಹಿಡಿದುಕೊಡುವುದಿಲ್ಲ. ವಾರ್ಡಿನ ಸದಸ್ಯ ಮೂರನೇ ಸಲ ಪಕ್ಷ ಬದಲಾಯಿಸಿದ ವಾರವೇ ಅತ್ತೆ ಅದಕ್ಕೆ ಆ ಹೆಸರಿಟ್ಟದ್ದು. "ಇದಾದ್ರೂ ವಾಸಿ, ಭಾಷಣ ಮಾಡಲ್ಲ" ಅನ್ನುತ್ತಿದ್ದರು.

ಆದರೆ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮಂತ್ರಿಗೂ ಎಲ್ಲೂ ಹೋಗುವ ಅಪ್ಪಣೆ ಇರಲಿಲ್ಲ. ಆ ಹೊತ್ತಿಗೆ ಕಿಟಕಿ ಪಕ್ಕದ ಸ್ಟೂಲಿನ ಮೇಲಿನ ಹಸಿರು ಫೋನು ಬಡಿದುಕೊಳ್ಳುತ್ತಿತ್ತು. ಅಕ್ಕನ ಕರೆ. ಅಕ್ಕ ಇದ್ದದ್ದು ಎರಡು ದಿನದ ರೈಲಿನಷ್ಟು ದೂರ, ಮಗ ಸೊಸೆಯ ಜೊತೆ. ಕಣ್ಣು ಮಂಜಾಗಿ ಆರು ವರ್ಷ, ಮರೆವು ಶುರುವಾಗಿ ಎರಡು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿಲ್ಲ, ಒಮ್ಮೊಮ್ಮೆ ಮಗನ ಹೆಸರೂ ಇಲ್ಲ. ಆದರೆ ತಂಗಿಯ ನಂಬರು ಆಕೆಯ ಬೆರಳಿಗೆ ಬಾಯಿಪಾಠ. ಅತ್ತೆ ಭಾನುವಾರದ ಪೇಪರಿನ ಪದಬಂಧ ಹರಡಿಕೊಂಡು "ಎಡದಿಂದ ಬಲಕ್ಕೆ, ಒಂದು" ಅಂತ ಸುಳಿವು ಓದುವುದು, ಅಕ್ಕ ಅಲ್ಲಿಂದ ಉತ್ತರ ಹೇಳುವುದು. ಊರು ಕೇರಿ ಮರೆತ ಆ ತಲೆಯಲ್ಲಿ ಪದಗಳು ಮಾತ್ರ ಡಬ್ಬದೊಳಗಿನ ಸಕ್ಕರೆಯ ಹಾಗೆ ಒಣಗಿ ಉಳಿದಿದ್ದವು. ತಮಗೆ ಗೊತ್ತಿದ್ದ ಉತ್ತರವನ್ನೂ ಅಕ್ಕ ಹೇಳಲಿ ಅಂತ ಅತ್ತೆ ಬಿಡುತ್ತಿದ್ದರು.

ಇಂಥ ಫೋನು ಸತ್ತು ಆರು ಭಾನುವಾರವಾಯಿತು.

ಮೊದಲು ಅತ್ತೆ ಟೀಚರ ಮೊಬೈಲಿನಿಂದ ದೂರು ಕೊಡಲು ನೋಡಿದರು. ಆ ಕಡೆಯ ಯಂತ್ರದ ದನಿ ಒಂದು ಒತ್ತಿ ಅಂದಿತು, ಒತ್ತಿದರು. ನಾಲ್ಕು ಒತ್ತಿ ಅಂದಿತು, ಅದನ್ನೂ ಒತ್ತಿದರು. ಕೊನೆಗೆ, ದೂರು ಕೊಡಲು ದಯವಿಟ್ಟು ಕೆಟ್ಟಿರುವ ಫೋನಿನಿಂದಲೇ ಕರೆ ಮಾಡಿ ಅಂದಿತು. ಅತ್ತೆ ಮೊಬೈಲನ್ನು ಗೋಡೆಗೆ ಎಸೆಯದೆ ಉಳಿಸಿದ್ದು ಅದು ಟೀಚರದ್ದು ಅನ್ನುವ ಒಂದೇ ಕಾರಣಕ್ಕೆ. ಸೋಮವಾರ ಫೋನ್ ಕಚೇರಿಗೇ ನಡೆದುಹೋದರು. ಅಲ್ಲಿನ ಗುಮಾಸ್ತ ಅವರ ನಂಬರು ಒತ್ತಿ, ಕಿವಿಗಿಟ್ಟುಕೊಂಡು ನಕ್ಕ.

"ರಿಂಗ್ ಆಗ್ತಿದೆಯಲ್ಲ ಮೇಡಂ. ಲೈನ್ ಸರಿ ಇದೆ."

"ನಿಮ್ಮ ಕಿವೀಲಿ ಆಗ್ತಿದೆ ಸ್ವಾಮಿ. ನನ್ನ ಮನೇಲಿ ಆಗಬೇಕಲ್ಲ!"

"ನೀವು ಮನೇಲಿ ಇಲ್ಲವಲ್ಲ, ಹೇಗೆ ಹೇಳ್ತೀರಿ?"

ಈ ತರ್ಕಕ್ಕೆ ಕೋರ್ಟಿನಲ್ಲಾದರೆ ನ್ಯಾಯಾಧೀಶರು ಪೆನ್ನು ಕೆಳಗಿಡುತ್ತಿದ್ದರು. ಅತ್ತೆ ಮನೆಗೆ ಬಂದು ಟೀಚರ ಮೊಬೈಲಿನಿಂದ ತಮ್ಮದೇ ನಂಬರಿಗೆ ಕರೆ ಮಾಡಿದರು. ಮೊಬೈಲಿನೊಳಗೆ ಟ್ರಿಂಗ್ ಟ್ರಿಂಗ್. ಸ್ಟೂಲಿನ ಮೇಲೆ ನಿಶ್ಶಬ್ದ. ಮಂತ್ರಿ ಒಮ್ಮೆ ಅದನ್ನು, ಒಮ್ಮೆ ಇದನ್ನು ನೋಡಿ ಎದ್ದು ಎದುರು ಮನೆಗೆ ಹೋಯಿತು.

ಆಗಲೇ ಅತ್ತೆಗೆ ಇನ್ನೊಂದು ಹೊಳೆಯಿತು. ಕರೆ ಮಾಡಿದವರಿಗೆಲ್ಲ ರಿಂಗ್ ಆಗುತ್ತಿದ್ದರೆ ಅಕ್ಕನಿಗೂ ಆಗಿರಬೇಕು. ಕೂಡಲೇ ಅಕ್ಕನ ಸೊಸೆಗೆ ಫೋನ್ ಮಾಡಿದರು.

"ಹೌದು ಚಿಕ್ಕತ್ತೆ, ಪ್ರತಿ ಭಾನುವಾರ ಮಾಡ್ತಾರೆ. ರಿಂಗ್ ಆಗತ್ತೆ, ನೀವು ಎತ್ತಲ್ಲ. ಮತ್ತೆ ಮಾಡ್ತಾರೆ. ಹತ್ತೂವರೆ ತನಕ ಕೂತೇ ಇರ್ತಾರೆ. ಆಮೇಲೆ, ತಂಗಿಗೆ ನನ್ನ ಮೇಲೆ ಸಿಟ್ಟು ಬಂದಿದೆ, ನಾನೇನೋ ಅಂದಿರಬೇಕು ಅಂತ ಅಳ್ತಾರೆ."

"ಫೋನ್ ಕೆಟ್ಟಿದೆ ಅಂತ ಹೇಳಮ್ಮ!"

"ಹೇಳ್ತೀನಿ. ಅರ್ಧ ಗಂಟೇಲಿ ಅದು ಮರ್ತು ಹೋಗತ್ತೆ. ಅಳು ಮಾತ್ರ ಮರೆಯಲ್ಲ."

ಮೊಬೈಲನ್ನು ಅಕ್ಕನ ಕಿವಿಗೆ ಹಿಡಿಸಿದರೆ ಅಕ್ಕ ತಳ್ಳಿಬಿಟ್ಟಳು. ತನ್ನ ತಂಗಿ ಹೀಗೆ ಸೋಮವಾರ ಮಾತಾಡುವವಳಲ್ಲ, ಯಾರೋ ಮೋಸದವರು ಅಂದಳು.

ಅತ್ತೆಗೆ ಯಾರ ಮೇಲೆ ಸಿಟ್ಟಿರಲಿಲ್ಲ? ಸರ್ಕಾರದ ಮೇಲೆ ಸಿಟ್ಟು, ನಗರಸಭೆಯ ಮೇಲೆ ಸಿಟ್ಟು, ಹಾಲಿಗೆ ನೀರು ಬೆರೆಸುವವನ ಮೇಲೆ ಸಿಟ್ಟು. ಅವರಿಗೆ ಯಾರ ಮೇಲೆ ಸಿಟ್ಟೇ ಬಾರದೋ ಅಂಥ ಜೀವ ಜಗತ್ತಿನಲ್ಲಿ ಒಂದೇ ಒಂದು ಇತ್ತು, ಅದೇ ಕೂತು ಅಳುತ್ತಿತ್ತು.

ಅಂತೂ ಫೋನ್ ಕಚೇರಿಗೆ ಬರೆದ ಮೂರನೇ ಅರ್ಜಿಗೆ ಲೈನ್‌ಮ್ಯಾನ್ ಬಂದ. ಬೀದಿ ಉದ್ದಕ್ಕೂ ನಡೆದು, ಅತ್ತೆಯ ಗೇಟಿನ ಮುಂದೆ ಹೊಸ ಚರಂಡಿಯ ಮೇಲಿನ ಕಾಂಕ್ರೀಟು ಹಲಗೆಗೆ ಕಾಲಿನಿಂದ ತಟ್ಟಿದ. "ಕೇಬಲ್ ಇದರ ಕೆಳಗೆ ತುಂಡಾಗಿದೆ. ಚರಂಡಿ ತೋಡಿದವರು ಕತ್ತರಿಸಿ, ಹಾಗೇ ಮುಚ್ಚಿ ಹೋಗಿದ್ದಾರೆ. ಇದನ್ನ ಒಡೆದ್ರೆ ಹತ್ತು ನಿಮಿಷದ ಕೆಲಸ. ಒಡೆಯೋಕೆ ನಗರಸಭೆ ಒಪ್ಪಬೇಕು. ಇಲ್ಲಾಂದ್ರೆ ಈ ನಂಬರ್ ಬಿಟ್ಟು ಬೇರೆ ಕನೆಕ್ಷನ್ ತಗೊಳ್ಳಿ."

ಬೇರೆ ನಂಬರಂತೆ! ಅಕ್ಕನ ಬೆರಳಿಗೆ ಅದನ್ನು ಯಾರು ಕಲಿಸುತ್ತಾರೆ?

ಅತ್ತೆ ನಗರಸಭೆಯ ಕಚೇರಿಗೆ ನುಗ್ಗಿದ ರೀತಿಗೆ ಬಾಗಿಲಲ್ಲಿದ್ದ ಜವಾನ ಎದ್ದುನಿಂತ. ಒಳಗೆ ಎಂಜಿನಿಯರ್ ಮೇಜಿನ ಹಿಂದಿದ್ದರು.

"ಕೇಳೋರು ಹೇಳೋರು ಇಲ್ವಾ? ಇರೋ ಕೇಬಲ್ ನೋಡದೆ, ಒಂದು ಮಾತು ಕೇಳದೆ ನಮ್ಮ ಬೀದಿ ಅಗೆಯೋಕೆ ನಿಮಗೆ ಹೇಳಿದ್ಯಾರು? ಆ ಪುಣ್ಯಾತ್ಮನ ಹೆಸರು ನನಗೆ ಬೇಕು. ಬರಹದಲ್ಲಿ ಬೇಕು!"

ಎಂಜಿನಿಯರು ಎದ್ದರು. ಕಪಾಟಿನಿಂದ ದಪ್ಪ ಕಡತ ತೆಗೆದು ಅತ್ತೆಯ ಕಡೆಗೆ ತಿರುಗಿಸಿಟ್ಟರು. ಮೊದಲ ಹಾಳೆ: ನಮ್ಮ ಬೀದಿಗೆ ಚರಂಡಿ ಬೇಕೆಂಬ ಮನವಿ. ಎರಡನೆಯದು: ಸದರಿ ಮನವಿಯ ಜ್ಞಾಪನೆ. ಮೂರನೆಯದು: ಇನ್ನೂ ವಿಳಂಬ ಮಾಡಿದಲ್ಲಿ ಕಾನೂನು ಕ್ರಮ. ಹೀಗೇ ಹದಿನೇಳು. ಎಲ್ಲದರ ಕೆಳಗೂ ಕೊಕ್ಕೆಯಂಥ ಸಹಿ. ಕೊನೆಯದರಲ್ಲಿ, ಟೈಪ್‌ರೈಟರಿನ ಕೆಂಪು ರಿಬ್ಬನ್ನಿನಲ್ಲಿ: 'ಯಾವುದೇ ನೆಪ ಹೇಳದೆ, ಬೇರೆ ಇಲಾಖೆಗಳನ್ನು ಕೇಳುತ್ತಾ ಕೂರದೆ, ಹದಿನೈದು ದಿನದೊಳಗೆ ಅಗೆಯತಕ್ಕದ್ದು.'

"ಫೋನಿನವರನ್ನ ಕೇಳಿ ಅಗೆಯೋಣ ಅಂತಿದ್ವಿ ಮೇಡಂ," ಎಂಜಿನಿಯರು ಮೆಲ್ಲಗೆ ಹೇಳಿದರು. "ನೀವು ಬೇಡ ಅಂದ್ರಿ. ಬರಹದಲ್ಲೇ."

ಮಾಡಿದ್ದುಣ್ಣೋ ಮಹಾರಾಯ ಅನ್ನುವ ಮಾತನ್ನು ಅತ್ತೆ ಬೇರೆಯವರಿಗೆ ಎಷ್ಟು ಸಲ ಅಂದಿದ್ದರೋ. ಈಗ ಅದು ತಿರುಗಿ ಬಂದು ಎದುರು ಕುರ್ಚಿಯಲ್ಲಿ ಕೂತಿತ್ತು. ಮುಖ ಕೆಂಪಾಯಿತು. ಆದರೂ ಸೋತು ಎದ್ದು ಬರುವ ಹೆಂಗಸೇ ಅದು? ಎಂಜಿನಿಯರರಿಂದಲೇ ಬಿಳಿ ಹಾಳೆ ಇಸಕೊಂಡು, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಕೈಯಲ್ಲಿ ಅರ್ಜಿ ಬರೆದರು: ಹದಿನೇಳನೆಯ ಅರ್ಜಿಯಲ್ಲಿ ಅರ್ಜಿದಾರಳು ದುಡುಕಿದ್ದಾಳೆ. ತಪ್ಪು ಅವಳದು. ಅವಳ ಗೇಟಿನ ಮುಂದಿನ ಹಲಗೆ ಒಡೆಯಲು ಅಪ್ಪಣೆಯಾಗಬೇಕು.

ಎಂಜಿನಿಯರು ಎರಡು ಸಲ ಓದಿದರು. "ತನ್ನ ಅರ್ಜಿಯ ಮೇಲೆ ತಾನೇ ಅರ್ಜಿ ಕೊಟ್ಟೋರನ್ನ ನಾನು ನೋಡಿಲ್ಲ," ಅಂದು ಅಲ್ಲೇ ಸಹಿ ಹಾಕಿದರು.

ಶನಿವಾರ ಹಲಗೆ ಒಡೆದು ಕೇಬಲ್ ಜೋಡಿಸಿದರು. ಹಲಗೆಯ ಮೇಲೆ ನಿಲ್ಲಿಸಿದ್ದ, ವಾರ್ಡಿನ ಸದಸ್ಯನ ನಗುಮುಖದ 'ಜನರ ಬೇಡಿಕೆಯಂತೆ' ಅನ್ನುವ ಫಲಕವನ್ನು ಕಿತ್ತು ಗೋಡೆಗೆ ಒರಗಿಸಿದರು. ಸಂಜೆಗೆ ಮಂತ್ರಿ ಅದರ ನೆರಳಲ್ಲಿ ಮಲಗಿತ್ತು. ಚರಂಡಿ ಹಾಳಾಯಿತು ಅಂತ ಬೀದಿಯವರು ಗೊಣಗಿದರು.

ಭಾನುವಾರ ಎಂಟೂವರೆಗೇ ಪೇಪರು ಹರಡಿ, ಪೆನ್ಸಿಲು ಚೂಪು ಮಾಡಿ ಕೂತರು. ಹೇಳಬೇಕಾದದ್ದೆಲ್ಲ ತಲೆಯೊಳಗೆ ಟೈಪಾಗಿತ್ತು: ಕೇಬಲ್ಲು, ಗುಮಾಸ್ತ, ಒಂದು ಒತ್ತಿ ನಾಲ್ಕು ಒತ್ತಿ, ಎಲ್ಲ ಕ್ರಮವಾಗಿ. ಅಕ್ಕನಿಗೆ ತಿಳಿಯಲೇಬೇಕು, ತಾನು ಒಂದು ದಿನವೂ ಸಿಟ್ಟಾಗಿರಲಿಲ್ಲ ಅಂತ.

ಒಂಬತ್ತಕ್ಕೆ ಹಸಿರು ಫೋನು ಬಡಿದುಕೊಂಡಿತು. ಅತ್ತೆ ಎತ್ತಿದರು. ಆ ಕಡೆ ಅಕ್ಕನ ಸಣ್ಣ ದನಿ, ಚಿಕ್ಕ ಹುಡುಗಿ ಬಾಗಿಲ ಸಂದಿಯಿಂದ ಕೇಳುವ ಹಾಗೆ:

"ಸಿಟ್ಟು ಹೋಯ್ತೇನೇ?"

ಅತ್ತೆ ಬಾಯಿ ತೆರೆದರು. ಕೇಬಲ್ಲು ಗಂಟಲವರೆಗೆ ಬಂದಿತ್ತು. ಹೇಳಿದರೆ ಅರ್ಧ ಗಂಟೆಯಲ್ಲಿ ಮರೆತುಹೋಗುತ್ತದೆ. ಸಿಟ್ಟು ಹೋಯಿತು ಅಂದರೆ ಆ ಸಮಾಧಾನ ಉಳಿದೀತು.

"ಹೋಯ್ತು ಅಕ್ಕ. ನಂದೇ ತಪ್ಪು."

"ನನಗೆ ಗೊತ್ತಿತ್ತು ಬಿಡು. ಚಿಕ್ಕಂದಿನಿಂದ ನೀನು ಹಾಗೇ. ಹೂಂ, ಓದು."

ಅತ್ತೆ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

"ಎಡದಿಂದ ಬಲಕ್ಕೆ, ಒಂದು," ಅಂದರು.