ಏನೂ ಹಾಕಬಾರದ ಗದ್ದೆ

ಕೃಷಿ ಪದವಿಯ ಕೊನೆಯ ವರ್ಷದಲ್ಲಿ ರೈತರಿಗೆ ಕೃಷಿ ಕಲಿಸಲೆಂದು ನಮ್ಮನ್ನು ಹಳ್ಳಿಗಳಿಗೆ ಬಿಡುತ್ತಾರೆ. ನನ್ನ ಪಾಲಿಗೆ ಬಂದದ್ದು ಹಳಿಯಾಳದಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಒಂದು ಊರು, ಅಲ್ಲಿ ಎಲ್ಲರೂ ಆಯಿ ಎಂದು ಕರೆಯುವ ಒಬ್ಬರು ಅಜ್ಜಿ, ಅವರ ಮೂರು ಗದ್ದೆ. ನಾನು ಧಾರವಾಡದ ಓಣಿಯಲ್ಲಿ ಬೆಳೆದವಳು. ಅಲ್ಲಿಯವರೆಗೆ ಸ್ವಂತ ಕೈಯಿಂದ ಬೆಳೆಸಿದ್ದು ಒಂದೇ ಒಂದು ತುಳಸಿ ಗಿಡ, ಅದೂ ಒಣಗಿತ್ತು.

ಹೊರಡುವ ಮುಂಚೆ ಗೈಡ್ ಸರ್ ಒಂದು ತಾಸು ಭಾಷಣ ಮಾಡಿದರು. ಸುಸ್ಥಿರ ಕೃಷಿ, ಸುಸ್ಥಿರ ಬದುಕು, ಸುಸ್ಥಿರ ರೈತ. ಹಿಂದಿನ ಬೆಂಚಿನವರು ಒಂದೊಂದು "ಸುಸ್ಥಿರ"ಕ್ಕೂ ಒಂದು ಗೀಟು ಎಳೆಯುತ್ತ ಹೋಗಿ, ಪುಟ ತುಂಬಿದ ಮೇಲೆ ಕೈಬಿಟ್ಟರು. ನಾನು ಮಾತ್ರ ಕಣ್ಣು ಮಿಟುಕಿಸದೆ ಕೇಳಿದೆ. ಎಂಎಸ್ಸಿ ಸೀಟಿಗೆ ನನಗೆ ಸರ್ ಕೈಯ ಶಿಫಾರಸು ಪತ್ರ ಬೇಕಿತ್ತು. ವರದಿ ಅವರ ಮನಸ್ಸಿಗೆ ಬಂದರೆ ಪತ್ರ, ಇಲ್ಲದಿದ್ದರೆ ಇಲ್ಲ.

ಪ್ರಯೋಗ ಸರಳವಾಗಿತ್ತು. ಅಕ್ಕಪಕ್ಕದ ಮೂರು ಗದ್ದೆಗೂ ಒಂದೇ ಭತ್ತದ ನಾಟಿ. ಮೊದಲನೆಯದಕ್ಕೆ ಸೆಗಣಿ, ಗಂಜಲ, ಬೆಲ್ಲ, ಬೇಳೆಹಿಟ್ಟು ಕೊಳೆಸಿ ಮಾಡಿದ ಜೀವಾಮೃತ. ಎರಡನೆಯದಕ್ಕೆ ಚೀಲದಲ್ಲಿ ಬರುವ ರಾಸಾಯನಿಕ, ಆ ಕಡೆಯವರ ಬಾಯಲ್ಲಿ ಸರಕಾರಿ ಗೊಬ್ಬರ. ಮೂರನೆಯದಕ್ಕೆ ಏನೂ ಇಲ್ಲ. ಅದು ಎಷ್ಟು ಬಡವಾದರೆ ನಮ್ಮ ಜೀವಾಮೃತದ ಮಹಿಮೆ ಅಷ್ಟು ದೊಡ್ಡದು.

"ಏನೂ ಅಂದ್ರ ಏನೂ ಹಾಕಬಾರದೇನ?" ಆಯಿ ಕೇಳಿದರು.

"ಏನೂ ಹಾಕಬಾರದ್ರಿ ಆಯಿ."

"ಅದೇನ ತಪ್ಪ ಮಾಡೇತಿ?"

ನಾನು ನಕ್ಕೆ. ವಿಜ್ಞಾನದಲ್ಲಿ ತಪ್ಪು ಒಪ್ಪು ಇರುವುದಿಲ್ಲ, ಹೋಲಿಕೆ ಮಾತ್ರ ಇರುತ್ತದೆ ಎಂದು ಸಣ್ಣ ಮಕ್ಕಳಿಗೆ ಹೇಳುವಂತೆ ಹೇಳಿದೆ. ಆಯಿ "ಹೂಂ" ಎಂದು ಎಮ್ಮೆಗೆ ಮೇವು ಹಾಕಲು ಎದ್ದುಹೋದರು. ರೈತ ಮಹಿಳೆಗೆ ಪ್ರಯೋಗದ ವಿಧಾನ ಮನವರಿಕೆಯಾಗಿದೆ ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆ ನೋಟ್‌ಬುಕ್ಕಿನಲ್ಲಿ ಏನಿರಲಿಲ್ಲ? ಪೈರಿನ ಎತ್ತರವಿತ್ತು, ಎಲೆಯ ಬಣ್ಣವಿತ್ತು, ಬುಡಕ್ಕೆ ಎಷ್ಟು ತೆಂಡೆ ಒಡೆದಿದೆ ಎಂಬುದಿತ್ತು. ಹದಿನೈದು ದಿನಕ್ಕೊಮ್ಮೆ ಒಂದು ಬ್ಯಾರಲ್ ಜೀವಾಮೃತ ಕಲಸುತ್ತಿದ್ದೆವು. ಅರ್ಧವನ್ನು ನಾನೇ ಅಳೆದು ಮೊದಲನೆಯ ಗದ್ದೆಗೆ ಬಿಡಿಸುತ್ತಿದ್ದೆ. ಮರುದಿನ ಒಂಬತ್ತಕ್ಕೆ ಎದ್ದು ಹೋಗಿ ನೋಡಿದರೆ ಉಳಿದ ಅರ್ಧ ಮಾಯ. ಷರಾ ಎಂಬ ಕಾಲಮ್ಮಿನಲ್ಲಿ "ಆವಿಯಾಗಿದೆ" ಎಂದು ಬರೆದೆ. ಜಿಟಿಜಿಟಿ ಮಳೆಗಾಲದಲ್ಲಿ, ಹೆಂಚಿನ ಮಾಡಿನ ಕೆಳಗೆ, ಮುಚ್ಚಳ ಹಾಕಿದ ಬ್ಯಾರಲ್ಲಿನಿಂದ ಒಂದೇ ರಾತ್ರಿಗೆ ಅರ್ಧ ಬ್ಯಾರಲ್ ಆವಿ! ಬರೆದ ನನಗೆ ಸಂಶಯ ಬರಲಿಲ್ಲ. ಜೀಪಿನಲ್ಲಿ ಬಂದು, ಬದುವಿನ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಪ್ರತಿ ಪುಟಕ್ಕೂ ಸಹಿ ಹಾಕಿ ಹೋದ ಸರ್‌ಗೂ ಬರಲಿಲ್ಲ.

ಕೊಯ್ಲಾಗಿ ಭತ್ತ ತೂಗಿದಾಗ ಮೂರನೆಯ ಗದ್ದೆಯ ಫಸಲು ಮೊದಲನೆಯದಕ್ಕೆ ಸರಿಸಮ ಬಂತು. ಮತ್ತೊಮ್ಮೆ ತೂಗಿಸಿದೆ. ತಕ್ಕಡಿ ಕೆಟ್ಟಿದೆ ಎಂದೆ. ಕುಣಿಯಲಾರದವಳಿಗೆ ನೆಲ ಡೊಂಕು. ಪಕ್ಕದ ಮನೆಯ ತಕ್ಕಡಿ ತಂದರೂ ಅದೇ ತೂಕ. ಅಷ್ಟರಲ್ಲಿ ಆಯಿ ಚಹಾ ತಂದರು.

"ತಕ್ಕಡಿಗೆ ಯಾಕ ಬೈತಿ ತಂಗಿ? ಆ ಗದ್ದಿಗೂ ಹಾಕೇನಿ."

"ಏನ್ ಹಾಕೀರಿ?"

"ಬ್ಯಾರಲ್‌ನ್ಯಾಗ ಉಳದದ್ದು. ಒಂದ ಪಂಕ್ತಿಯೊಳಗ ಮೂರ ಮಂದಿ ಕುಂತಾರ. ಇಬ್ಬರಿಗೆ ನೀಡಿ, ಮೂರನೇದವನ ಎಲಿ ದಾಟಿ ಹೋಗೂದು ನನ್ನ ಕೈಲೆ ಆಗೂದಿಲ್ಲವಾ. ಉಳವಿಯೊಳಗ ದಾಸೋಹದಾಗ ಹಂಗ ಮಾಡತಾರೇನ?"

"ಮತ್ತ ನನಗ್ಯಾಕ ಹೇಳಲಿಲ್ರಿ?"

"ನೀ ಏಳೂದ್ರಾಗ ಹೊತ್ತ ಹಾಕಿ ಮುಗಸ್ತಿದ್ದೆ. ನೀನೂ ಕೇಳಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. ನಿಮಗೆ ಏನೂ ತಿಳಿಯುವುದಿಲ್ಲ, ನನ್ನ ನಾಲ್ಕು ತಿಂಗಳು ಹಾಳು ಮಾಡಿದಿರಿ ಎಂದು ಅಂಗಳದಲ್ಲಿ ನಿಂತು ಕಿರುಚಿದೆ. ನಾಲ್ಕು ತಿಂಗಳು ನನಗೆ ಬಿಸಿ ರೊಟ್ಟಿ ಹಾಕಿದ ಮನೆಯ ಅಂಗಳ ಅದು. ಆಯಿ ಕಪ್ಪನ್ನು ಕಟ್ಟೆಯ ಮೇಲಿಟ್ಟು, ಆರೀತು, ಕುಡಿ ಎಂದರು.

ಸರ್‌ಗೆ ಫೋನ್ ಮಾಡಿದೆ. ಅವರಿಗೆ ಪಂಕ್ತಿಯ ಕತೆ ಬೇಕಿರಲಿಲ್ಲ.

"ಎರಡೂ ಸಮ ಅಂತ ಬರದ್ರ ಜೀವಾಮೃತದಿಂದ ಏನೂ ಉಪಯೋಗ ಇಲ್ಲ ಅಂತ ಆಗ್ತದಲ್ಲಮ್ಮಾ. ಏನೂ ಹಾಕದಿದ್ರ ಎಷ್ಟ ಬರತಿತ್ತೋ ಅಷ್ಟ ಬರಿ."

"ಎಷ್ಟ ಬರತಿತ್ರಿ ಸರ್?"

"ಕಡಿಮಿ."

ಕಡಿಮೆ ಬರೆದೆ. ಮಾರ್ಜಿನ್ ಕೂಡ ನೀಟಾಗಿ ಹಾಕಿದೆ. ನಡೆದದ್ದನ್ನು ನಡೆದಂತೆ ಬರೆಯಬಹುದಿತ್ತು ಎಂಬುದು ಸರ್‌ಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಪತ್ರ ನೆನಪಾಯಿತು.

ಎರಡು ತಿಂಗಳಾದ ಮೇಲೆ ಹಳಿಯಾಳದಲ್ಲಿ ರೈತರಿಗೆ ಒಂದು ತರಬೇತಿ ಇಟ್ಟರು. ವಿಷಯ, ಜೀವಾಮೃತ ತಯಾರಿಸುವ ಮತ್ತು ಹಾಕುವ ವಿಧಾನ. ಕಲಿಸುವವಳು ನಾನು. ಕಲಿಯಲು ಬಂದವರ ಮುಂದಿನ ಸಾಲಿನಲ್ಲಿ ಆಯಿ, ತಲೆಗೆ ಸಂಘಟಕರು ಕೊಟ್ಟ ಹಸಿರು ಟೊಪ್ಪಿಗೆ. ನನ್ನನ್ನು ನೋಡಿ ಪಕ್ಕದವರಿಗೆ "ನಮ್ಮನ್ಯಾಗ ಇದ್ದ ಹುಡುಗಿ" ಎಂದು ತೋರಿಸುತ್ತಿದ್ದರು. ಪರದೆಯ ಮೇಲೆ ಮೂರು ಕಂಬಗಳ ಚಿತ್ರ ಬಂತು, ಎರಡು ಎತ್ತರ, ಒಂದು ಗಿಡ್ಡ. ಆಯಿ ಎದ್ದು ನಿಂತರು.

"ತಂಗಿ, ಆ ಗಿಡ್ಡಂದು ಯಾವ ಗದ್ದಿದು?"

ಸರ್ ವೇದಿಕೆಯ ಮೇಲೆ ಗೋಡಂಬಿ ಜಗಿಯುವುದನ್ನು ನಿಲ್ಲಿಸಿದರು.

"ಏನೂ ಹಾಕಲಾರದ ಗದ್ದಿದ್ರಿ ಆಯಿ."

ಆಯಿಗೆ ಸಿಟ್ಟೇನೂ ಬಂದಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದರು. "ಹಂಗಾರ ನಾ ಹೊತ್ತ ಹಾಕಿದ್ದು ಎಲ್ಲಿ ಹೋತವಾ?"

ಉತ್ತರ ನನ್ನ ನೋಟ್‌ಬುಕ್ಕಿನಲ್ಲಿತ್ತು, ಸರ್ ಸಹಿಯ ಸಮೇತ.

"ಆವಿ ಆಗಿ ಹೋತ್ರಿ," ಎಂದೆ.

ಸಭೆ ಗೊಳ್ಳೆಂದು ನಕ್ಕಿತು. ಆಯಿ ಸುತ್ತ ನೋಡಿ, ಟೊಪ್ಪಿಗೆ ಸರಿಮಾಡಿಕೊಂಡು ಕುಳಿತರು. ನನಗೆ ನಾಚಿಕೆಯಾಯಿತು. ಅದರಿಂದ ಆಯಿಗೆ ಮೂರು ಕಾಸಿನ ಉಪಯೋಗವೂ ಆಗಲಿಲ್ಲ.

ಪತ್ರ ಅಲ್ಲಿಯೇ ಕೈಗೆ ಬಂತು. ಮಧ್ಯಾಹ್ನ ರೈತರಿಗೆ ಶಾಮಿಯಾನದ ಕೆಳಗೆ ನೆಲದ ಮೇಲೆ ಪಂಕ್ತಿ ಹಾಕಿದ್ದರು. ವೇದಿಕೆಯ ಮೇಲಿದ್ದವರಿಗೆ ಒಳಗಿನ ಕೋಣೆಯಲ್ಲಿ ಮೇಜು, ಎರಡು ಪಲ್ಯ ಹೆಚ್ಚು. ನಾನು ಹಾದುಹೋಗುವಾಗ ಆಯಿ ತಮ್ಮ ಪಕ್ಕದ ಖಾಲಿ ಎಲೆಯ ಮೇಲೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದರು.

"ಬಾ ತಂಗಿ, ಜಾಗಾ ಹಿಡದೇನಿ."

ಬಂದೆ ಎಂದು ಹೇಳಿ ಒಳಗೆ ಹೋದೆ.