ಕಪ್ಪು ಬೋರ್ಡು, ಬಿಳಿ ಬೋರ್ಡು

ನಾನು ಹೆಡತಲೆ ಪಂಚಾಯ್ತಿ ಲೈಬ್ರರಿಯ ಮೇಲ್ವಿಚಾರಕ. ಪೇಪರ್ ಮಡಿಸಿಡುವುದು, ಗಲಾಟೆ ಮಾಡಿದವರನ್ನು ಬೈಯುವುದು ನನ್ನ ಉದ್ಯೋಗ. ರೋಜಾಳನ್ನು ಮಾತ್ರ ಒಂದು ದಿನವೂ ಬೈದವನಲ್ಲ.

ರೋಜಾ ನಮ್ಮೂರಿನ ಕರಿಯಯ್ಯನ ಮಗಳು. ನಂಜನಗೂಡಿನಲ್ಲಿ ಬಿ.ಎಸ್ಸಿ. ಮುಗಿಸಿ, ತಾಂಡ್ಯದ ಒಂದು ಔಷಧಿ ಕಾರ್ಖಾನೆಗೆ ಸೇರಿದ್ದಳು. ಇಂಜೆಕ್ಷನ್ ಬಾಟಲಿಗಳನ್ನು ದೀಪದ ಕೆಳಗೆ ಹಿಡಿದು ಒಳಗೆ ಕಸ ಇದೆಯೇ ಎಂದು ನೋಡುವ ಕೆಲಸ. ಪ್ರತಿ ಬಾಟಲಿಯನ್ನೂ ಮೊದಲು ಕಪ್ಪು ಬೋರ್ಡಿನ ಮುಂದೆ, ಆಮೇಲೆ ಬಿಳಿ ಬೋರ್ಡಿನ ಮುಂದೆ ತಿರುಗಿಸಬೇಕು. ನಾಲ್ಕು ವರ್ಷಕ್ಕೆ ಅವಳ ಕಣ್ಣು ಸೋತಿತ್ತು. ಓದುತ್ತ ಕೂತರೆ ನೀರು ಸುರಿಯುತ್ತಿತ್ತು. ಯಾಕಮ್ಮಾ ಎಂದರೆ "ಲೈಟ್‌ದು ಸಾ, ಏನಿಲ್ಲ" ಎನ್ನುವಳು. ಮಾರ್ಚ್‌ನಲ್ಲಿ ಕಾರ್ಖಾನೆಯವರ ಕಣ್ಣಿನ ಪರೀಕ್ಷೆ. ಅದರಲ್ಲಿ ಫೇಲಾದರೆ ಕೆಲಸ ಇಲ್ಲ. ಅಷ್ಟರೊಳಗೆ ಬೇರೆ ದಾರಿ ನೋಡಿಕೊಳ್ಳಲೇಬೇಕಿತ್ತು.

ಅದಕ್ಕೇ ಸಾಫ್ಟ್‌ವೇರ್ ಟೆಸ್ಟಿಂಗ್ ಕಲಿತಳು. ಬೇರೆಯವರು ಬರೆದ ಆ್ಯಪ್‌ಗಳಲ್ಲಿ ತಪ್ಪು ಹುಡುಕುವ ಕೆಲಸವಂತೆ. "ಅಲ್ಲೂ ಕಣ್ಣೇ ಬೇಕಲ್ಲಮ್ಮ" ಎಂದೆ. "ಅಲ್ಲಿ ಅಕ್ಷರ ದೊಡ್ದು ಮಾಡ್ಕೋಬೋದು ಸಾ" ಎಂದು ನಕ್ಕಳು.

ಜೊತೆಗೆ ಕಲಿಯುತ್ತಿದ್ದವಳು ಸುನೀತಾ. ಕಾಲೇಜಿನ ಗೆಳತಿ, ಟಿ. ನರಸೀಪುರದ ಅನುಕೂಲಸ್ಥರ ಮನೆಯವಳು. ಭಾನುವಾರ ಸಂಜೆ, ರೋಜಾ ಕಾರ್ಖಾನೆಯಿಂದ ಬರುವ ಹೊತ್ತಿಗೆ, ಸ್ಕೂಟಿಯಲ್ಲಿ ಬಂದು ನನ್ನ ಮೇಜಿನಲ್ಲೇ ಕೂರುವಳು. ಇಬ್ಬರೂ ಇಂಟರ್‌ವ್ಯೂ ಪ್ರಶ್ನೆ ಕೇಳಿಕೊಳ್ಳುತ್ತಿದ್ದರೆ ನನಗೇ ಅರ್ಧ ಬಾಯಿಪಾಠವಾಗಿತ್ತು. ಒಂದು ಬ್ರೌಸರ್‌ನಲ್ಲಿ ಸರಿಯಿದ್ದದ್ದನ್ನು ಇನ್ನೊಂದರಲ್ಲಿ ಯಾಕೆ ಪರೀಕ್ಷಿಸಬೇಕು? ಸುನೀತಾ ನೋಟ್ಸಿನ ಉತ್ತರ ಒಪ್ಪಿಸಲು ಹೋಗಿ ನಡುವೆ ತಡವರಿಸುವಳು. ರೋಜಾ ಪುಸ್ತಕ ಮುಚ್ಚಿಸಿ ಹೇಳುವಳು: "ಬಿಳಿ ಕಸ ಬಿಳಿ ಬೋರ್ಡ್ ಮುಂದೆ ಕಾಣಲ್ಲ ಕಣೇ. ಕಪ್ಪು ಕಸ ಕಪ್ಪು ಬೋರ್ಡ್ ಮುಂದೆ ಕಾಣಲ್ಲ. ಬಾಟ್ಲಿ ಅದೇಯ. ಎರಡು ಕಡೆನೂ ಹಿಡ್ದು ನೋಡ್ಬೇಕು."

ಎಂಥ ಉತ್ತರ! ನಾನಾಗಿದ್ದರೆ ಅಲ್ಲೇ ಕೆಲಸ ಕೊಟ್ಟುಬಿಡುತ್ತಿದ್ದೆ.

ಜನವರಿಯ ಒಂದು ಗುರುವಾರ, ರೋಜಾಳ ವಾರದ ರಜೆಯ ದಿನ, ಸುನೀತಾ ಅವಳನ್ನು ತನ್ನ ಮನೆಗೆ ಕರೆಸಿಕೊಂಡಳು. ಪರಿಚಯದ ಸರ್ ಒಬ್ಬರು ಆನ್‌ಲೈನ್‌ನಲ್ಲಿ ಮಾಕ್ ಇಂಟರ್‌ವ್ಯೂ, ಅಂದರೆ ಸುಮ್ಮನೆ ಅಭ್ಯಾಸಕ್ಕೆ ಒಂದು ಸಂದರ್ಶನ, ಮಾಡುತ್ತಾರೆ ಎಂದಳು. "ನೆಟ್ ಸ್ಲೋ, ಕ್ಯಾಮೆರಾ ಆಫ್ ಇರ್ಲಿ. ಲಾಗಿನ್ ನನ್ ಹೆಸರಲ್ಲಿದೆ, ಸುನೀತಾ ಅಂತ ಕರೀತಾರೆ, ನೀನು ಹೂಂ ಅನ್ನು." ರೋಜಾ ಮುಕ್ಕಾಲು ಗಂಟೆ ಉತ್ತರ ಹೇಳಿದಳು. ಬೋರ್ಡಿನ ಮಾತಿಗೆ ಆ ಸರ್ "ಭೇಷ್" ಎಂದರಂತೆ. ಊರಿಗೆ ಬಂದು ನನ್ನ ಮುಂದೆ ಅದನ್ನೇ ನಾಲ್ಕು ಸಲ ಹೇಳಿದಳು. ಸುನೀತಾಳ ತಾಯಿ ಚಾಮುಂಡಮ್ಮ ಪಾಯಸ ಕೊಟ್ಟದ್ದನ್ನೂ ಹೇಳಿದಳು.

ಮೂರು ವಾರ ಕಳೆದ ಮೇಲೆ ಮೈಸೂರಿನ ಒಂದು ಸಣ್ಣ ಕಂಪನಿ ಅವಳನ್ನೇ ಇಂಟರ್‌ವ್ಯೂಗೆ ಕರೆಯಿತು. ಲೈಬ್ರರಿಯ ಕಂಪ್ಯೂಟರ್‌ನಲ್ಲೇ ಕೂರಿಸಿದೆ, ಬಾಗಿಲಲ್ಲಿ ನಾನೇ ಕಾವಲು ನಿಂತೆ. ಅತ್ತ ಕಡೆಯವರು ಮೊದಲ ಪ್ರಶ್ನೆ ಕೇಳಿದರು. ರೋಜಾಳ ಮುಖ ಅರಳಿತು.

"ಸರ್, ಅವತ್ತು ಮಾಕ್ ಇಂಟರ್‌ವ್ಯೂ ಮಾಡಿದ್ದು ನೀವೇ ಅಲ್ವಾ? ದನಿ ಗೊತ್ತಾಯ್ತು. ಸುನೀತಾ ಮನೆಯಿಂದ ಮಾತಾಡಿದ್ದು ನಾನೇ ಸರ್. ತುಂಬಾ ಥ್ಯಾಂಕ್ಸ್!"

ಅವರು ಅವಳ ಹೆಸರನ್ನು ಇನ್ನೊಮ್ಮೆ ಕೇಳಿದರು. ಆಮೇಲೆ, "ನಾನು ಯಾವ ಮಾಕ್ ಇಂಟರ್‌ವ್ಯೂನೂ ಮಾಡಿಲ್ಲಮ್ಮ. ಅದು ನಿಜವಾದ ಇಂಟರ್‌ವ್ಯೂ. ಅದರ ಮೇಲೇ ಸುನೀತಾ ಸೋಮವಾರ ನಮ್ಮಲ್ಲಿ ಕೆಲಸಕ್ಕೆ ಸೇರಿದ್ದಾರೆ" ಎಂದರು.

ರೋಜಾ ನಡೆದದ್ದೆಲ್ಲ ಹೇಳಿದಳು. ಅವರು ಕೇಳಿಸಿಕೊಂಡರು, ಬೈಯಲಿಲ್ಲ. ಆದರೆ ಒಬ್ಬರ ಹೆಸರಲ್ಲಿ ಇನ್ನೊಬ್ಬರು ಇಂಟರ್‌ವ್ಯೂ ಕೊಟ್ಟರೆ ನಿಯಮದ ಪ್ರಕಾರ ಇಬ್ಬರನ್ನೂ ಕೈಬಿಡಬೇಕು ಎಂದು ಕರೆ ಮುಗಿಸಿದರು. ನನಗೆ ಮೈಯೆಲ್ಲ ಉರಿಯಿತು. ಪಾಯಸ ಬೇರೆ ಕೊಟ್ಟಿದ್ದರಲ್ಲ!

ಸಂಜೆ ರೋಜಾ ಇನ್ನೂ ಅಲ್ಲೇ ಕೂತಿದ್ದಳು. ಫೋನ್ ಬಂತು, ಸ್ಪೀಕರ್‌ಗೆ ಹಾಕಿದಳು. ಸುನೀತಾ ಅಳುತ್ತಿದ್ದಳು.

"ಯಾಕೇ ಹೇಳ್ದೆ ಅವ್ರಿಗೆ? ನಾನು ಒಳಗೆ ಸೇರ್ಕೊಂಡು ನಿನ್ನನ್ನೂ ಕರ್ಕೊಳ್ತಿದ್ದೆ. ನನ್ ಕೆಲ್ಸ ಕಿತ್ಕೊಂಡ್ಯಲ್ಲೇ. ನಿನ್ನ ಫ್ರೆಂಡ್ ಅನ್ಕೊಂಡಿದ್ದೆ."

ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ ಅಂತ ಸುಮ್ಮನೆ ಹೇಳುತ್ತಾರೆಯೇ? ಫೋನ್ ಕಸಿದುಕೊಂಡು ನಾಲ್ಕು ಮಾತು ಬೈಯೋಣ ಎಂದು ಕೈ ಚಾಚಿದೆ. ಅಷ್ಟರಲ್ಲಿ ರೋಜಾ ಕರೆ ಕತ್ತರಿಸಿದ್ದಳು.

"ದಿನಕ್ಕೆ ಸಾವ್ರಾರು ಬಾಟ್ಲಿ ನೋಡ್ತೀನಿ ಸಾ," ಎಂದಳು. "ಒಂದೇ ಬೋರ್ಡ್ ಮುಂದೆ ಹಿಡ್ದು ಯಾವತ್ತೂ ಪಾಸ್ ಮಾಡ್ದೋಳಲ್ಲ. ಇವಳ್ನ ಮಾತ್ರ ಇಷ್ಟ್ ವರ್ಷ ಬರೀ ಬಿಳಿ ಬೋರ್ಡ್ ಮುಂದೇನೇ ನೋಡ್ಬುಟ್ಟೆ."

ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಲೈಟ್‌ದು ಎಂದು ಈ ಸಲ ಅವಳು ಹೇಳಲಿಲ್ಲ.